ಪುರಸಭೆಯ ಕೆಲಸವೂ ಪುರಸಭೆಯ ಹಣವೂ



ಈಚೆಗೆ ಒಂದು ಹಳ್ಳಿಯ ಚಾವಡಿಯಲ್ಲಿ ರಾಗಿ ಬಿತ್ತನೆಯ ಮಾತು ಮುಗಿದು ಎಲ್ಲರೂ ಏಳುವ ಹೊತ್ತಿಗೆ ಒಬ್ಬ ಹಿರಿಯರು ನನ್ನನ್ನು ತಡೆದು ಕೇಳಿದರು: "ಪೇಟೆಯ ಚರಂಡಿ ನೀರೆಲ್ಲ ನಮ್ಮ ಕೆರೆಗೆ ಬೀಳುತ್ತಿದೆ. ಪೇಟೆಯ ಮೆಂಬರರಿಗೆ ಮೂರು ಸಲ ಹೇಳಿ ಬಂದೆವು. ಮೂರು ಸಲವೂ ಆಗಲಿ ಎಂದರು. ಏನೂ ಆಗಲಿಲ್ಲ. ಈ ಪುರಸಭೆ ಎಂಬುದು ನಡೆಯುವುದಾದರೂ ಹೇಗಪ್ಪ?"

ನಾನು ಕೃಷಿ ಡಿಪ್ಲೊಮಾ ಓದಿದವನು. ಎಕರೆಗೆ ಎಷ್ಟು ಗೊಬ್ಬರ ಎಂದು ಕೇಳಿದ್ದರೆ ನಿಂತಲ್ಲೇ ಹೇಳುತ್ತಿದ್ದೆ. ಈ ಪ್ರಶ್ನೆಗೆ ಮಾತ್ರ ಉತ್ತರ ಬಾಯಿಗೆ ಬರಲಿಲ್ಲ. ಆಮೇಲೆ ಕಾಯಿದೆಯ ಪುಸ್ತಕ ತಿರುವಿ, ಪುರಸಭೆಯ ಗುಮಾಸ್ತರನ್ನು ಕಾಡಿ, ಒಂದೆರಡು ಸಭೆಗಳಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೇಟೆಯ ಉಸಾಬರಿ ನಮಗೇಕೆ ಎನ್ನುವವರೂ ನಮ್ಮಲ್ಲಿ ಉಂಟು. ಅಂಥವರಿಗೆ ನಾನು ವಾಸವಾಗಿರುವ ಮತ್ತಿಕೆರೆಯನ್ನೇ ತೋರಿಸುತ್ತೇನೆ. ಹೆಸರಿನಲ್ಲಿ ಕೆರೆ ಇದೆ. ಕೆರೆಯಿದ್ದ ಅಂಗಳದಲ್ಲಿ ಈಗ ಜಯಪ್ರಕಾಶ ನಾರಾಯಣರ ಹೆಸರಿನ ಉದ್ಯಾನವಿದೆ. ಹಿಂದೆ ಹಳ್ಳಿಯಾಗಿದ್ದ ಊರು ಇಂದು ಬೆಂಗಳೂರಿನ ಒಂದು ಬಡಾವಣೆ. ಬಡಗಲಾಗಿ ಹೋದರೆ ಯಲಹಂಕ. ಯಲಹಂಕಕ್ಕೆ 2007ರ ಜನವರಿಯವರೆಗೆ ತನ್ನದೇ ಆದ ನಗರಸಭೆ ಇತ್ತು. ಆ ತಿಂಗಳು ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಮೊದಲಾದ 7 ನಗರಸಭೆಗಳೂ, ಕೆಂಗೇರಿ ಪುರಸಭೆಯೂ, ಸುಮಾರು 110 ಹಳ್ಳಿಗಳೂ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಅದೂ ಉಳಿಯಲಿಲ್ಲ, 2025ರ ಸೆಪ್ಟೆಂಬರ್ 2ರಂದು ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ನಿನ್ನೆಯವರೆಗೆ ಗ್ರಾಮ ಪಂಚಾಯಿತಿಗೆ ಕಂದಾಯ ಕಟ್ಟಿದವನು ನಾಳೆ ಬೆಳಿಗ್ಗೆ ಎದ್ದರೆ ಪಟ್ಟಣದವನಾಗಿರುತ್ತಾನೆ. ಆದ್ದರಿಂದ ಹೊಸ ಮನೆಯ ಒಳಗನ್ನು ಮೊದಲೇ ಇಣುಕಿ ನೋಡಿಕೊಳ್ಳುವುದರಲ್ಲಿ ನಷ್ಟವೇನೂ ಇಲ್ಲ.

ಪಾಲಿಕೆಯ ಮಾತು ದೊಡ್ಡದು, ಅದನ್ನು ಬಿಡೋಣ. ನಮ್ಮ ಸುತ್ತಿನ ಸಣ್ಣ ಪಟ್ಟಣಗಳನ್ನು ನೋಡೋಣ. ಇವು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯಿದೆಯ ಮೇರೆಗೆ. ಜನಸಂಖ್ಯೆ 10 ಸಾವಿರದಿಂದ 20 ಸಾವಿರದೊಳಗಿದ್ದರೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರದೊಳಗಿದ್ದರೆ ಪುರಸಭೆ, ಅದಕ್ಕೂ ಮೇಲ್ಪಟ್ಟು 3 ಲಕ್ಷದವರೆಗೆ ನಗರಸಭೆ. ದೇವನಹಳ್ಳಿಯಲ್ಲಿರುವುದು 23 ವಾರ್ಡುಗಳ ಪುರಸಭೆ. ದೊಡ್ಡಬಳ್ಳಾಪುರದಲ್ಲಿರುವುದು 31 ವಾರ್ಡುಗಳ ನಗರಸಭೆ. ಹೆಸರು ಬೇರೆಯಾದರೂ ಒಕ್ಕಲುತನ ಒಂದೇ. ಆದ್ದರಿಂದ ಇಲ್ಲಿ ಎಲ್ಲವನ್ನೂ ಪುರಸಭೆ ಎಂದೇ ಕರೆಯುತ್ತೇನೆ.

ಪುರಸಭೆಗೆ ಎರಡು ಎತ್ತು. ಒಂದು ಕಡೆ ಚುನಾಯಿತ ಸದಸ್ಯರು ಮತ್ತು ಅವರಲ್ಲೊಬ್ಬರಾದ ಅಧ್ಯಕ್ಷರು. ಇನ್ನೊಂದು ಕಡೆ ಸರ್ಕಾರ ನೇಮಿಸಿದ ಮುಖ್ಯಾಧಿಕಾರಿ. ನಗರಸಭೆಯಾದರೆ ಇವರನ್ನು ಪೌರಾಯುಕ್ತರೆನ್ನುತ್ತಾರೆ. ಏನು ಮಾಡಬೇಕೆಂದು ಗೊತ್ತುಮಾಡುವುದು ಸದಸ್ಯರ ಸಭೆ. ಅದನ್ನು ಮಾಡಿಸುವುದು, ಸಿಬ್ಬಂದಿಯನ್ನು ನಡೆಸುವುದು, ಲೆಕ್ಕ ಇಡುವುದು ಮುಖ್ಯಾಧಿಕಾರಿ. ಎತ್ತುಗಳು ಜೊತೆಯಾಗಿ ನಡೆದರೆ ಸಾಲು ನೆಟ್ಟಗೆ. ಒಂದು ಮುಂದೆ ಎಳೆದು ಇನ್ನೊಂದು ಮಲಗಿದರೆ ಏನಾಗುತ್ತದೆಂದು ರೈತರಿಗೆ ನಾನು ಹೇಳಬೇಕಾಗಿಲ್ಲ. ಕೆಲವು ಸಲ ಒಂದೇ ಎತ್ತಿನ ಬೇಸಾಯವೂ ನಡೆಯುವುದುಂಟು. 2018ರ ಆಗಸ್ಟಿನಲ್ಲಿ ಚುನಾವಣೆ ನಡೆದ ಅನೇಕ ಊರುಗಳಲ್ಲಿ, ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ನ್ಯಾಯಾಲಯದಲ್ಲಿದ್ದ ಕಾರಣ, 2020ರ ಕೊನೆಯವರೆಗೂ ಅಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ಗೆದ್ದ ಸದಸ್ಯರು ಮನೆಯಲ್ಲಿ, ಸರ್ಕಾರದ ಆಡಳಿತಾಧಿಕಾರಿ ಕುರ್ಚಿಯಲ್ಲಿ. ಅಂಥ ದಿನಗಳಲ್ಲಿ ಮೆಂಬರರ ಹಿಂದೆ ಅಲೆದು ಪ್ರಯೋಜನವಿಲ್ಲ. ಅರ್ಜಿ ಆಡಳಿತಾಧಿಕಾರಿಯ ಹೆಸರಿಗೇ ಹೋಗತಕ್ಕದ್ದು.

ಸಾಮಾನ್ಯ ಸಭೆ ತಿಂಗಳಿಗೊಮ್ಮೆ ಸೇರಬೇಕು. ಮುಂಚಿತವಾಗಿ ನೋಟೀಸು, ಅದರ ಜೊತೆಗೆ ಚರ್ಚೆಯ ವಿಷಯಪಟ್ಟಿ. ಮೊದಲು ಹಿಂದಿನ ಸಭೆಯ ನಡವಳಿಯನ್ನು ಓದುತ್ತಾರೆ. ಆಮೇಲೆ ಕಳೆದ ತಿಂಗಳ ಜಮಾ-ಖರ್ಚು. ಆಮೇಲೆ ಟೆಂಡರುಗಳು, ಮಳಿಗೆಗಳ ಹರಾಜು, ನೀರಿನ ತಂಟೆ, ಬಂದ ಅರ್ಜಿಗಳು. ನಾನು ಕುಳಿತು ನೋಡಿದ ಒಂದು ಸಭೆಯಲ್ಲಿ ಎರಡು ಗಂಟೆಯ ಹೊತ್ತು ಬೀದಿದೀಪದ ಬಲ್ಬುಗಳ ಮೇಲೆಯೇ ವಾದ ನಡೆಯಿತು. ದೊಡ್ಡ ಮೊತ್ತದ ರಸ್ತೆಯೊಂದು ಮಾತ್ರ ಎರಡು ನಿಮಿಷದಲ್ಲಿ ಪಾಸಾಯಿತು. ಬಲ್ಬು ಎಲ್ಲರಿಗೂ ಅರ್ಥವಾಗುತ್ತದೆ, ಅಂದಾಜುಪಟ್ಟಿ ಎಲ್ಲರಿಗೂ ಆಗುವುದಿಲ್ಲ, ಅಷ್ಟೆ. ಶಾಸಕರಿಗೂ ಸಂಸದರಿಗೂ ಈ ಸಭೆಯಲ್ಲಿ ಮತ ಉಂಟು. ಸರ್ಕಾರ ನಾಮಕರಣ ಮಾಡಿದ ಸದಸ್ಯರಿಗೆ ಮಾತನಾಡಲು ಬಾಯಿ ಉಂಟು, ಮತವಿಲ್ಲ. ಒಪ್ಪಿದ ವಿಷಯಕ್ಕೆ ಸಂಖ್ಯೆ ಹಾಕಿ ನಡವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಅದೇ ಠರಾವು. ಬಾಯಲ್ಲಿ ಆಡಿದ್ದು ಯಾವುದೂ ಠರಾವಲ್ಲ. ಠರಾವಾದ ಮೇಲೂ ಅದು ಕಾನೂನಿಗೆ ವಿರೋಧವೆಂದು ಕಂಡರೆ ಜಿಲ್ಲಾಧಿಕಾರಿಗಳು ತಡೆಹಿಡಿಯಬಹುದು.

ಇನ್ನು ಹಣದ ಮಾತು. ರೈತನಿಗೆ ಇದನ್ನು ತಿಳಿಸುವುದು ನಿಜವಾಗಿ ಸುಲಭ, ಏಕೆಂದರೆ ಹಿಂದೆ ಕಣದಲ್ಲಿ ನಡೆಯುತ್ತಿದ್ದುದೇ ಇಲ್ಲಿಯೂ ನಡೆಯುತ್ತದೆ. ರಾಶಿ ಮಾಡಿದ ದಿನ ಹಗೇವಿಗೆ ಕಾಳು ಹೋಗುವ ಮೊದಲು ಕಮ್ಮಾರ, ಬಡಗಿ, ಅಗಸ, ತೋಟಿ, ನೀರುಗಂಟಿ ಎಂದು ಆಯಗಾರರಿಗೆಲ್ಲ ಅಳೆದು ಕೊಡುತ್ತಿದ್ದೆವಷ್ಟೆ. ನೋಡಿದವರಿಗೆ ರಾಶಿ ದೊಡ್ಡದು. ಮನೆಗೆ ಬಂದದ್ದು ಎಷ್ಟೆಂಬುದು ಮನೆಯವಳಿಗೆ ಗೊತ್ತು. ಪುರಸಭೆಯ ರಾಶಿಯೂ ಹಾಗೆಯೇ.

ಮೊದಲು ಆಸ್ತಿ ತೆರಿಗೆಯನ್ನು ನೋಡಿ. ಮನೆಯವನು ತಾನೇ ತನ್ನ ಸೈಟು, ಕಟ್ಟಡದ ಅಳತೆ ಬರೆದು, ಮಾರ್ಗಸೂಚಿ ಬೆಲೆಯ ಆಧಾರದ ಮೇಲೆ ಲೆಕ್ಕ ಹಾಕಿ ಕಟ್ಟತಕ್ಕದ್ದು. ಹಣಕಾಸಿನ ವರ್ಷದ ಮೊದಲ ತಿಂಗಳಾದ ಏಪ್ರಿಲಿನಲ್ಲಿ ಕಟ್ಟಿದರೆ ಶೇಕಡ 5 ರಿಯಾಯಿತಿ. ಬಹಳ ತಡಮಾಡಿದರೆ ದಂಡ. ತೆರಿಗೆ 1000 ರೂಪಾಯಿ ಆಯಿತೆನ್ನಿ. ರಸೀತಿಯಲ್ಲಿ 1240 ಎಂದಿರುತ್ತದೆ. ಹೆಚ್ಚಿನ 240 ಯಾವುದು? ಆರೋಗ್ಯ ಕರ ಶೇಕಡ 15, ಗ್ರಂಥಾಲಯ ಕರ ಶೇಕಡ 6, ಭಿಕ್ಷುಕರ ಕರ ಶೇಕಡ 3. ಇವು ಪುರಸಭೆಯ ಹಣವಲ್ಲ. ವಸೂಲಿಯ ಖರ್ಚಿಗೆಂದು ಸ್ವಲ್ಪ ಉಳಿಸಿಕೊಂಡು, ಗ್ರಂಥಾಲಯದ್ದನ್ನು ಗ್ರಂಥಾಲಯ ಇಲಾಖೆಗೆ, ಭಿಕ್ಷುಕರದ್ದನ್ನು ಅವರ ಪುನರ್ವಸತಿ ನೋಡುವ ಪರಿಹಾರ ಸಮಿತಿಗೆ, ಹೀಗೆ ಅವರವರದನ್ನು ಅವರವರಿಗೆ ಅಳೆದು ಕೊಡಬೇಕು. ಕೈಯಲ್ಲಿ ಹಣ ಸಾಲದ ಪುರಸಭೆಗಳು ಇದನ್ನೇ ಸಂಬಳಕ್ಕೋ ಡೀಸೆಲಿಗೋ ಬಳಸಿಕೊಂಡು, ಕೊಡುವುದನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕುವುದುಂಟು. ಆಯಗಾರನ ಕೊಳಗವನ್ನು ತಾನೇ ಉಂಡ ಹಾಗೆ ಇದು. ಲೆಕ್ಕ ತನಿಖೆಯಲ್ಲಿ ಈ ಬಾಕಿ ಕಂಡುಬಂದರೆ ಆಕ್ಷೇಪಣೆ ತಪ್ಪದು.

ಆಸ್ತಿ ತೆರಿಗೆಯ ಜೊತೆಗೆ ನೀರಿನ ದರ, ಮಳಿಗೆಗಳ ಬಾಡಿಗೆ, ಅಂಗಡಿಯ ಪರವಾನಗಿ, ಮನೆ ಕಟ್ಟುವ ಪರವಾನಗಿ, ಸಂತೆಯ ಸುಂಕ, ಇವು ಪುರಸಭೆಯ ಸ್ವಂತ ಸಂಪಾದನೆ. ಒಂದು ಕಾಲದಲ್ಲಿ ಇವೆಲ್ಲಕ್ಕಿಂತ ದೊಡ್ಡ ಸಂಪಾದನೆ ಊರ ಬಾಗಿಲಿನ ಸುಂಕದ್ದಾಗಿತ್ತು. ಗಾಡಿಯಲ್ಲಿ ಬೆಲ್ಲವೋ ಹತ್ತಿಯೋ ಹೇರಿಕೊಂಡು ಪೇಟೆಯೊಳಗೆ ಬರುವಾಗ ನಾಕೆಯಲ್ಲಿ ನಿಲ್ಲಿಸಿ ವಸೂಲು ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಕರ್ನಾಟಕದಲ್ಲಿ 1979ರಲ್ಲಿ ಅದನ್ನು ತೆಗೆದುಹಾಕಿದರು. ಗಾಡಿಯವನಿಗೆ ಸುಖವಾಯಿತು, ಪುರಸಭೆ ಸರ್ಕಾರದ ಅನುದಾನಕ್ಕೆ ಕೈಯೊಡ್ಡಿತು. ಇಂದಿಗೂ ಸಣ್ಣ ಪಟ್ಟಣಗಳ ದೊಡ್ಡ ಆಸರೆ ರಾಜ್ಯ ಹಣಕಾಸು ಆಯೋಗದ ಹೆಸರಿನಲ್ಲಿ ಬರುವ ಅನುದಾನ. ಅದರಲ್ಲಿಯೂ ಸಂಬಳಕ್ಕೆ ಇಷ್ಟು, ವಿದ್ಯುತ್ ಬಿಲ್ಲಿಗೆ ಇಷ್ಟು ಎಂದು ಗುರುತು ಹಾಕಿಯೇ ಬರುತ್ತದೆ.

ಕೇಂದ್ರದ ಹಣಕಾಸು ಆಯೋಗದ ಹಣದ ಮೇಲೆಯೂ ಗುರುತುಂಟು. 2021ರಿಂದ 2026ರವರೆಗಿನ ಅವಧಿಗೆ 15ನೇ ಆಯೋಗವು ಸಣ್ಣ ಪಟ್ಟಣಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಲಾಗಿತ್ತು. ಉಳಿದ 40 ಮಾತ್ರ ಊರಿನ ಇಷ್ಟಕ್ಕೆ. ಬಿತ್ತನೆ ಬೀಜಕ್ಕೆಂದು ತಂದ ಕಾಳನ್ನು ಬೀಸಿ ರೊಟ್ಟಿ ಮಾಡಬಾರದಷ್ಟೆ.

ಸ್ವಂತ ನಿಧಿಯಲ್ಲಾದರೂ ಸ್ವಾತಂತ್ರ್ಯವಿದೆಯೇ ಎಂದರೆ ಅಲ್ಲಿಯೂ ಮೊದಲು ಅಳೆದು ಕೊಡುವುದಿದೆ. ಸರ್ಕಾರದ ಆದೇಶದಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಏಳಿಗೆಗೆ ಶೇಕಡ 24.10, ಇತರ ಬಡವರಿಗೆ 7.25, ಅಂಗವಿಕಲರಿಗೆ 5. ಕೂಡಿದರೆ 36.35. ಇದು ದಾನವಲ್ಲ, ಹಕ್ಕಿನ ಪಾಲು. ಆದರೂ ವರ್ಷದ ಕೊನೆಯಲ್ಲಿ ಈ ಹಣ ಖರ್ಚಾಗದೆ ಮಿಕ್ಕಿತೆಂಬ ಸುದ್ದಿಯನ್ನು ಆಗಾಗ್ಗೆ ಕೇಳುತ್ತೇವೆ. ಪಟ್ಟಣದ ಅಂಚಿನ ಕಾಲನಿಗಳಲ್ಲಿ ಇರುವ ನಮ್ಮ ಕೂಲಿಯ ಜನ ಇದನ್ನು ತಿಳಿದಿರಬೇಕು. ಮಕ್ಕಳ ಓದಿಗೆ, ಮನೆಯ ರಿಪೇರಿಗೆ ಇದರಲ್ಲಿ ಸಹಾಯವುಂಟು.

ಖರ್ಚಿನ ಕಡೆ ನೋಡಿದರೆ ದೊಡ್ಡ ಹೊರೆ ಸಂಬಳ ಮತ್ತು ವಿದ್ಯುತ್ತಿನದು. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ಸರ್ಕಾರದ ಅಳತೆ. ಬೀದಿ ಗುಡಿಸಿ, ಕಸ ಎತ್ತುವ ಇವರ ಕೆಲಸ ಒಂದು ದಿನ ನಿಂತರೆ ಪೇಟೆ ಮೂಗು ಮುಚ್ಚಿಕೊಳ್ಳುತ್ತದೆ. ವಿದ್ಯುತ್ತು ಹೋಗುವುದು ದೀಪಕ್ಕಿಂತ ಹೆಚ್ಚಾಗಿ ನೀರೆತ್ತುವುದಕ್ಕೆ. ದೊಡ್ಡಬಳ್ಳಾಪುರದವರು ಚಿಕ್ಕಬಳ್ಳಾಪುರದೊಡನೆ ಜಕ್ಕಲಮಡುಗು ಜಲಾಶಯದ ನೀರು ಹಂಚಿಕೊಳ್ಳುತ್ತಾರೆ. ಸಾಲದ್ದಕ್ಕೆ ಕೊಳವೆ ಬಾವಿಗಳು. ನೀರು ಆಳಕ್ಕೆ ಇಳಿದಷ್ಟೂ ಬಿಲ್ಲು ಮೇಲಕ್ಕೇರುತ್ತದೆ. ತೋಟಕ್ಕೆ ಮೋಟಾರು ಓಡಿಸುವವರಿಗೆ ಇದು ಹೊಸ ವಿಷಯವಲ್ಲ.

ಇವನ್ನೆಲ್ಲ ಏಪ್ರಿಲ್ ಹುಟ್ಟುವ ಮೊದಲೇ ಅಂದಾಜು ಮಾಡಿ ಆಯವ್ಯಯ ಪಟ್ಟಿಯನ್ನು ಸಭೆಯಲ್ಲಿ ಒಪ್ಪಿಸಿಕೊಳ್ಳಬೇಕು. ಅದಕ್ಕೆ ಮುಂಚೆ ಸಾರ್ವಜನಿಕರನ್ನು ಕರೆದು ಸಲಹೆ ಕೇಳುವ ಸಭೆಯೊಂದನ್ನು ನಡೆಸುತ್ತಾರೆ. ಈ ಸಭೆಗೆ ಬರುವವರು ಬಹಳ ಕಡಿಮೆ. ನಾನು ಹೋದಾಗ ಕುರ್ಚಿಗಳೇ ಹೆಚ್ಚಿದ್ದವು. ಆಯವ್ಯಯದಲ್ಲಿ ಶೀರ್ಷಿಕೆ ಇಲ್ಲದ ಕೆಲಸಕ್ಕೆ ಆ ವರ್ಷ ಹಣ ಸಿಗುವುದು ಕಷ್ಟ. ಇದನ್ನು ನೆನಪಿಡಿ, ಕೆರೆಯ ಮಾತಿಗೆ ಬಂದಾಗ ಬೇಕಾಗುತ್ತದೆ.

ಸಂತೆಯ ಸುಂಕದ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ರೈತ ಪುರಸಭೆಗೆ ನೇರವಾಗಿ ಹಣ ಕೊಡುವುದು ಅಲ್ಲಿಯೇ. ವಾರದ ಸಂತೆಯಲ್ಲಿ ಸುಂಕ ಎತ್ತುವ ಹಕ್ಕನ್ನು ಪುರಸಭೆ ಹರಾಜು ಹಾಕುತ್ತದೆ. ಹೆಚ್ಚು ಕೂಗಿದವನು ಒಂದು ವರ್ಷದ ಹಣ ಕಟ್ಟಿ, ಆಮೇಲೆ ತಾನು ವಸೂಲು ಮಾಡಿಕೊಳ್ಳುತ್ತಾನೆ. ಬುಟ್ಟಿಗೆ ಎಷ್ಟು, ಮೂಟೆಗೆ ಎಷ್ಟು, ಕುರಿಗೆ ಎಷ್ಟು ಎಂಬ ದರವನ್ನು ಗೊತ್ತುಮಾಡುವವನು ಅವನಲ್ಲ, ಪುರಸಭೆ. ಒಂದು ಸಂತೆಯಲ್ಲಿ ಹುರುಳಿಕಾಯಿಯ ಮೂಟೆಗೆ ಗೊತ್ತಾದ ದರದ ಎರಡರಷ್ಟನ್ನು ವಸೂಲು ಮಾಡುತ್ತಿದ್ದುದನ್ನು ನಾನೇ ಕಂಡೆ. ದರಪಟ್ಟಿಯ ಫಲಕವೆಲ್ಲಿ ಎಂದು ಕೇಳಿದೆ. ಫಲಕ ಇತ್ತು, ಅದರ ಮೇಲೆ ಟಾರ್ಪಾಲು ಹೊದಿಸಿತ್ತು! ರಸೀತಿ ಕೊಡಿ ಎಂದು ನಾಲ್ಕು ಜನ ಒಟ್ಟಿಗೆ ನಿಂತ ಕೂಡಲೇ ದರ ತಾನಾಗಿಯೇ ಇಳಿಯಿತು. ಊರಿನ ಹೆಸರು ಬೇಡ. ಯಾವ ಸಂತೆಗೆ ಹೋದರೂ ರಸೀತಿ ಕೇಳಿ, ಒಬ್ಬೊಬ್ಬರೇ ಕೇಳಬೇಡಿ.

ಪಟ್ಟಣದ ಕಸದ ಗೊಬ್ಬರದ ವಿಷಯ ನನ್ನ ಓದಿಗೆ ಸೇರಿದ್ದು, ಬಿಡಲಾರೆ. ಹಸಿ ಕಸವನ್ನು ಬೇರೆ ಮಾಡಿ ಕೊಳೆಸಿದ ಗೊಬ್ಬರ ಹೊಲಕ್ಕೆ ಒಳ್ಳೆಯದೇ. ಆದರೆ ಬೆರಕೆ ಕಸದಿಂದ ಜರಡಿ ಹಿಡಿದು ತೆಗೆದದ್ದರಲ್ಲಿ ಗಾಜು, ಪ್ಲಾಸ್ಟಿಕ್ಕು, ಸೀಸ ಇರಬಹುದು. ನಗರದ ಕಾಂಪೋಸ್ಟಿನಲ್ಲಿ ಸೀಸ ಕಿಲೋಗೆ 100 ಮಿಲಿಗ್ರಾಮಿಗಿಂತ ಮೇಲಿರಕೂಡದೆಂದು ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಪುಕ್ಕಟೆ ಎಂದು ಲೋಡುಗಟ್ಟಲೆ ಇಳಿಸಿಕೊಳ್ಳುವ ಮುಂಚೆ ಪರೀಕ್ಷೆಯ ಚೀಟಿ ಕೇಳಿ. ಬೆಂಗಳೂರಿನ ಕಸ ಹೊತ್ತ ಯಲಹಂಕದ ಕಡೆಯ ಮಾವಳ್ಳಿಪುರದ ಸುತ್ತಿನ ಜನ ಪಟ್ಟ ಪಾಡು ನಮಗೆ ಗೊತ್ತೇ ಇದೆ. ಊರವರ ಹೋರಾಟದ ಮೇಲೆ ಅಲ್ಲಿ ಸುರಿಯುವುದು 2012ರಲ್ಲಿ ನಿಂತಿತು.

ಊರು ಪಟ್ಟಣಕ್ಕೆ ಸೇರಿದರೆ ಏನಾಗುತ್ತದೆಂದು ಅನೇಕರು ಕೇಳುತ್ತಾರೆ. ಸೈಟಿನ ಬೆಲೆ ಏರುತ್ತದೆಂದು ಎಲ್ಲರಿಗೂ ಗೊತ್ತು. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಹಳ್ಳಿಗೆ ಮಾತ್ರ, ಪಟ್ಟಣವಾದ ಮೇಲೆ ಇಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೃಷಿ ಹೊಂಡವೋ ಬದುವೋ ಮಾಡಿಸಿಕೊಳ್ಳುವ ಯೋಚನೆ ಇದ್ದವರು ಮೊದಲೇ ಮಾಡಿಸಿಕೊಳ್ಳಿ. ಮನೆಗಳ ದಾಖಲೆ ಪಂಚಾಯಿತಿಯ ನಮೂನೆ 9 ಮತ್ತು 11ರಿಂದ ಪುರಸಭೆಯ ನಮೂನೆ 3ಕ್ಕೆ ಹೋಗಬೇಕು. ವರ್ಗವಾಗುವಾಗ ಹೆಸರಿನ ಅಕ್ಷರ, ಅಳತೆ, ಚೆಕ್ಕುಬಂದಿ ಸರಿಯಾಗಿವೆಯೇ ನೋಡಿಕೊಳ್ಳಿ. ಖಾತೆ ಎಂಬುದು ತೆರಿಗೆಯ ಪುಸ್ತಕದಲ್ಲಿ ಹೆಸರು ಅಷ್ಟೆ; ಅದೇ ಹಕ್ಕುಪತ್ರವಲ್ಲ. ಇಂಥ ಕೆಲಸಕ್ಕೆ ಅರ್ಜಿ ಕೊಟ್ಟಾಗ ಸಕಾಲದ 15 ಅಂಕಿಯ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ಕೆಲಸ ಮುಗಿಯಬೇಕಾದ ದಿನ ಗೊತ್ತಾಗಿರುತ್ತದೆ.

ಈಗ ಆ ಹಿರಿಯರ ಕೆರೆ. ಇಂಥ ಕಷ್ಟ ಅವರೊಬ್ಬರದೇ ಅಲ್ಲ. ದೊಡ್ಡಬಳ್ಳಾಪುರದ ಬಳಿಯ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಮತ್ತು ಕಾರ್ಖಾನೆಗಳ ನೀರು ಸೇರುವುದರ ವಿರುದ್ಧ ಅಲ್ಲಿನ ರೈತರು ವರ್ಷಗಟ್ಟಲೆ ಹೋರಾಡಿದ್ದು ಪತ್ರಿಕೆಗಳಲ್ಲಿ ಬಂದಿದೆ. ನಮ್ಮವರ ಕೆರೆ ಚಿಕ್ಕದು. ಮೂರು ಸಲ ಹೇಳಿಬಂದರೂ ಏಕೆ ಆಗಲಿಲ್ಲವೆಂದರೆ, ಪುರಸಭೆಯ ಕಡತದಲ್ಲಿ ಆ ಕೆರೆಯ ಹೆಸರೇ ಇರಲಿಲ್ಲ. ಹೇಳಿದ್ದು ಬಾಯಿಮಾತು, ಕೇಳಿದ್ದು ಕಿವಿ.

ನಾವು ಕುಳಿತು ಒಂದು ಪುಟದ ಅರ್ಜಿ ಬರೆದೆವು. ಯಾವ ಬೀದಿಯ ಚರಂಡಿ, ಎಲ್ಲಿ ರಾಜಕಾಲುವೆಗೆ ಸೇರುತ್ತದೆ, ಎಷ್ಟು ಬಾವಿ ಕೆಟ್ಟಿವೆ, ಎಷ್ಟು ದನ ಆ ನೀರು ಕುಡಿಯುತ್ತವೆ, ಇಷ್ಟೇ. ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ನಲವತ್ತು ಸಹಿ, ಆರು ಹೆಬ್ಬೆಟ್ಟು. ಮೂಲ ಪ್ರತಿ ಪುರಸಭೆಗೆ, ನಕಲು ಜಿಲ್ಲಾಧಿಕಾರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ನಮ್ಮ ಗ್ರಾಮ ಪಂಚಾಯಿತಿಗೂ. ಆವಕ ವಿಭಾಗದಲ್ಲಿ ಮುದ್ರೆ ಹಾಕಿಸಿ ಸಂಖ್ಯೆ ಬರೆಸಿಕೊಂಡೆವು. ಗುಮಾಸ್ತರು ಸಂಖ್ಯೆ ಯಾಕೆ, ಕೆಲಸ ಆಗುತ್ತೆ ಬಿಡಿ ಎಂದರು. ಹಿರಿಯರು ಅಲ್ಲಿಯೇ ನೆಲದ ಮೇಲೆ ಕುಳಿತರು. ಸಂಖ್ಯೆ ಬಂತು.

ತಿಂಗಳೊಂದಾದರೂ ಸುದ್ದಿಯಿಲ್ಲ. ಮಾಹಿತಿ ಹಕ್ಕಿನ 2005ರ ಕಾಯಿದೆಯ ಮೇರೆಗೆ 10 ರೂಪಾಯಿ ಕಟ್ಟಿ, ಈ ಸಂಖ್ಯೆಯ ಅರ್ಜಿ ಈಗ ಯಾವ ಮೇಜಿನಲ್ಲಿದೆ ಎಂದು ಕೇಳಿದೆವು. ನಮ್ಮ ರಾಜ್ಯದ ನಿಯಮದಂತೆ ಅಂಥ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದೊಳಗೆ ಉತ್ತರ ಬರಬೇಕು. ಉತ್ತರ ಬರುವ ಮೊದಲೇ ಎಂಜಿನಿಯರು ಟೇಪು ಹಿಡಿದು ಚರಂಡಿಯ ಬಳಿ ಬಂದರು.

ಅಂದಾಜುಪಟ್ಟಿ ಆಯಿತು, ವಿಷಯಪಟ್ಟಿಯಲ್ಲಿ ಸೇರಿತು. ಸಭೆಯಲ್ಲಿ ಒಬ್ಬ ಸದಸ್ಯರು, ಕೆರೆ ಪುರಸಭೆಯ ಗಡಿಯ ಹೊರಗಿದೆ, ನಮ್ಮ ಹಣ ಅಲ್ಲಿಗೇಕೆ ಎಂದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಇನ್ನೊಬ್ಬರು, ಕೆರೆ ಹೊರಗಿರಬಹುದು, ಚರಂಡಿ ನಮ್ಮದಲ್ಲವೇ ಎಂದರು. ಠರಾವಾಯಿತು. ಆದರೆ ಆ ವರ್ಷದ ಆಯವ್ಯಯದಲ್ಲಿ ಇದಕ್ಕೆ ಶೀರ್ಷಿಕೆ ಇರಲಿಲ್ಲ! ಸ್ವಂತ ನಿಧಿಯಲ್ಲಿ ಉಳಿದದ್ದು ಸಾಲದು. ಕಡೆಗೆ ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದ ಅನುದಾನದ ಕ್ರಿಯಾ ಯೋಜನೆಯಲ್ಲಿ ಸೇರಿಸಿ ಜಿಲ್ಲಾಧಿಕಾರಿಗಳ ಒಪ್ಪಿಗೆಗೆ ಕಳುಹಿಸಿದರು. ಅಲ್ಲಿ ಎರಡು ತಿಂಗಳು. ಒಪ್ಪಿಗೆ ಬಂದ ಮೇಲೆ ಟೆಂಡರು. 1999ರ ಪಾರದರ್ಶಕತೆ ಕಾಯಿದೆಯ ನಿಯಮದಂತೆ ಅದಕ್ಕೆ ಗೊತ್ತಾದಷ್ಟು ದಿನ ಕಾಲಾವಕಾಶ ಕೊಡಬೇಕು. ಕೆಲಸ ನಡೆದಂತೆಲ್ಲ ಎಂಜಿನಿಯರು ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆಯಬೇಕು, ಬರೆದಷ್ಟಕ್ಕೇ ಬಿಲ್ಲು. ಬಿಲ್ಲಿನಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಶೇಕಡ 1 ಮುರಿದುಕೊಂಡು ಗುತ್ತಿಗೆದಾರನಿಗೆ ಉಳಿದದ್ದು.

ಇದನ್ನು ಬರೆಯುವ ಹೊತ್ತಿಗೆ ಟೆಂಡರಿನ ಅವಧಿ ಮುಗಿಯಲು ಹನ್ನೊಂದು ದಿನ ಬಾಕಿ ಇದೆ. ಕೆರೆಗೆ ನೀರು ಇನ್ನೂ ಬೀಳುತ್ತಲೇ ಇದೆ. ಆ ಅಚ್ಚುಕಟ್ಟಿನಲ್ಲಿ ಈ ಸಲ ಸೊಪ್ಪು ಬೆಳೆಯಬೇಡಿ, ದನಕ್ಕೆ ಕುಡಿಸಬೇಡಿ ಎಂದು ಹೇಳಿಬಂದಿದ್ದೇನೆ. ಹಿರಿಯರು ಅಳತೆ ಪುಸ್ತಕವನ್ನು ನೋಡುವುದು ಹೇಗೆಂದು ಈಗಿನಿಂದಲೇ ಕೇಳುತ್ತಿದ್ದಾರೆ. ಟೇಪು ಹಿಡಿಯಲು ಅವರ ಮೊಮ್ಮಗಳು ತಯಾರಾಗಿದ್ದಾಳೆ.